ಬಲಗಿವಿಯ ಕಚ್ಚು

ಜನವರಿ ೧೭, ಶುಕ್ರವಾರ. ಚನ್ನಗಿರಿ

ಬ್ಯಾನರ್ ನೋಡಿದ ತಕ್ಷಣ ದಾವಣಗೆರೆ ಬಸ್ಸು ಹತ್ತಿ ವಾಪಸ್ ಹೋಗಬೇಕಿತ್ತು. ಹೋಗಲಿಲ್ಲ, ನನ್ನ ಹಣೆಬರಹ. 'ಪ್ರಥಮ ಕುರಿಗಾಹಿ ಚಿತ್ರೋತ್ಸವ ಹಾಗೂ ಉಚಿತ ಜಂತುನಾಶಕ ಔಷಧಿ ಶಿಬಿರ' ಎಂದು ಬರೆಸಿದ್ದಾರೆ. ಜಂತುನಾಶಕ ಎನ್ನುವುದು ದಪ್ಪ ಅಕ್ಷರದಲ್ಲಿದೆ. ಚಿತ್ರೋತ್ಸವದ ಅರ್ಧ ಭಾಗ ಲೈಟುಕಂಬದ ಹಿಂದೆ ಹೋಗಿದೆ.

ಇದನ್ನೆಲ್ಲ ನಡೆಸುತ್ತಿರುವವರು ಹಾಲಸ್ವಾಮಿ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. "ಬರೀ ಸಿನಿಮಾ ಅಂದ್ರೆ ಯಾರ್ ಬರ್ತಾರ್ರೀ ರಘು ಸರ್? ಔಷಧಿ ಅಂದ್ರೆ ಓಡಿ ಬರ್ತಾರೆ. ಬಂದೋರ್ನ ಕೂರ್ಸೋದು ನನ್ ಜವಾಬ್ದಾರಿ" ಎಂದರು. ಏನು ಹೇಳಲಿ?

ಕುರಿ ಮತ್ತು ಕುರಿಗಾಹಿಗಳ ಬಗ್ಗೆ ಮಾತ್ರ ಮಾಡಿದ ಏಳು ಸಿನಿಮಾ. ನಾಳೆ ಇಲ್ಲಿ, ನಾಡಿದ್ದು ಹೊನ್ನಾಳಿ, ಆಮೇಲೆ ನ್ಯಾಮತಿ, ಕೊನೆಗೆ ಜಗಳೂರಿನಲ್ಲಿ ಫಲಿತಾಂಶ. ಗೆದ್ದ ಸಿನಿಮಾ ಇಟಲಿಯ ಯಾವುದೋ ಬೆಟ್ಟದೂರಿನ ಪಶುಪಾಲಕರ ಚಿತ್ರೋತ್ಸವಕ್ಕೆ ಹೋಗುತ್ತದೆ, ಮಾಡಿದವನನ್ನೂ ಕರೆಸಿಕೊಳ್ಳುತ್ತಾರೆ. ಮದುವೆ ವಿಡಿಯೋ ತೆಗೆದು ತೆಗೆದು, ಅಕ್ಷತೆ ಬೀಳುವುದನ್ನು ಸ್ಲೋಮೋಷನ್ನಿನಲ್ಲಿ ನೋಡಿ ನೋಡಿ ನನ್ನ ಕಣ್ಣು ಜಡ್ಡುಗಟ್ಟಿದೆ. ಒಂದೇ ಒಂದು ಸಲ ಸಿನಿಮಾ ಮಾಡುವವನು ಎಂದು ಯಾರಾದರೂ ಕರೆಯಬೇಕು. ಅಷ್ಟೇ ಆಸೆ. ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ, ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಜನವರಿ ೧೮, ಶನಿವಾರ. ಚನ್ನಗಿರಿ

ಕೋಣನ ಮುಂದೆ ಕಿನ್ನರಿ ಎನ್ನುವ ಮಾತಿಗೆ ಅರ್ಥ ಇವತ್ತು ತಿಳಿಯಿತು. ಕೋಣದ ಬದಲು ಕುರಿ, ಅಷ್ಟೇ ವ್ಯತ್ಯಾಸ.

ಸಮುದಾಯ ಭವನದ ಹೊರಗೆ ಔಷಧಿ ಶಿಬಿರ, ಒಳಗೆ ಸಿನಿಮಾ. ನನ್ನ 'ಮಂದೆಯ ಹಿಂದೆ' ಇಪ್ಪತ್ತಾರು ನಿಮಿಷದ್ದು. ಅದರಲ್ಲಿ ಮಾತು ಕಡಿಮೆ. ಗಾಳಿ, ಗೊರಸು, ಉಸಿರು, ಇವುಗಳ ಸದ್ದನ್ನು ಒಂದು ತಿಂಗಳು ಕೂತು ಜೋಡಿಸಿದ್ದೆ. ತೆರೆಯ ಮೇಲಿನ ಕುರಿ ಬ್ಯಾ ಎಂದರೆ ಹೊರಗಿನವೆಲ್ಲ ಒಟ್ಟಿಗೆ ಬ್ಯಾ ಎಂದು ಉತ್ತರ ಕೊಟ್ಟವು. ಒಳಗಿದ್ದವರು ನಕ್ಕಿದ್ದೇ ನಕ್ಕಿದ್ದು. ಒಬ್ಬ ಮುದುಕ ಎದ್ದು ಹೋಗಿ ತನ್ನವನ್ನು ಸುಮ್ಮನಿರಿಸಿ ಬಂದ. ಉಳಿದವರು ತೆರೆಯ ಮೇಲಿನ ಟಗರಿಗೆ ಎಷ್ಟು ರೇಟು ಬರಬಹುದು ಎಂದು ಚರ್ಚೆಗೆ ಕೂತರು. ಹರಾಜಿನ ಮಧ್ಯೆ ನನ್ನ ಸಿನಿಮಾ ಓಡಿತು. ಮೂರು ಸಲ ಕರೆಂಟ್ ಹೋಯಿತು. ಮೂರನೇ ಸಲ ಹೋಗಿದ್ದು ಬರಲೇ ಇಲ್ಲ.

ಎರಡು ಒಳ್ಳೆಯ ಸಂಗತಿ. ತೀರ್ಪುಗಾರ್ತಿ ಶೈಲಾ ಮೇಡಂ ಸಿನಿಮಾ ಪಾಠ ಮಾಡುವವರು, ಸುಲಭಕ್ಕೆ ಹೊಗಳುವವರಲ್ಲ. ಸಿನಿಮಾದಲ್ಲಿ ಒಂದು ಕಡೆ ನನ್ನ ಸಬ್ಜೆಕ್ಟ್ ಗಾದ್ರಪ್ಪ, ಜಗಳೂರು ಕಡೆಯ ಕುರಿಗಾಹಿ, ಕೋಲಿಗೆ ಗದ್ದ ಊರಿ ದೂರ ನೋಡುತ್ತಾನೆ. ಮರುಕ್ಷಣ ತೆರೆ ತುಂಬ ಒಂದು ಟಗರಿನ ಮುಖ. ಅದು ನಿಧಾನಕ್ಕೆ ಕತ್ತು ತಿರುಗಿಸಿ ಅವನನ್ನೇ ನೋಡುತ್ತದೆ. ಸಿನಿಮಾದ ಜೀವವೇ ಅದು. "ಆ ಒಂದು ಕಟ್‌ಗೆ ನಾನು ಪೂರ್ತಿ ಅಂಕ ಕೊಟ್ಟೆ. ಮನುಷ್ಯ ಮತ್ತು ಪ್ರಾಣಿಯ ನಡುವೆ ಮಾತೇ ಬೇಡ ಅನಿಸಿತು" ಎಂದರು ಮೇಡಂ. ಕಾಲು ನೆಲದ ಮೇಲಿರಲಿಲ್ಲ ನನಗೆ.

ಇನ್ನೊಂದು, ಒಬ್ಬ ನಿಜವಾದ ಪ್ರೇಕ್ಷಕ ಸಿಕ್ಕ. ಉಬ್ರಾಣಿಯ ಬೀರಲಿಂಗಪ್ಪ ಅಂತೆ, ಅವನೂ ಕುರಿಯವನೇ. ಎಲ್ಲರೂ ಹರಟುತ್ತಿದ್ದಾಗ ಇವನೊಬ್ಬ ರೆಪ್ಪೆ ಬಡಿಯದೆ ನೋಡುತ್ತಿದ್ದ. ಆಮೇಲೆ ಹತ್ತಿರ ಬಂದು, "ಇದನ್ನ ಇನ್ನೊಂದ್ ಸಲ ಎಲ್ಲಿ ತೋರಿಸ್ತೀರಿ?" ಎಂದು ಕೇಳಿದ. ನಾಳೆ ಹೊನ್ನಾಳಿಯಲ್ಲಿ ಎಂದೆ. "ಬರ್ತೀನಿ" ಎಂದ. ಅಂಥ ಒಬ್ಬನಿದ್ದರೆ ಸಾಕು ಎಂದುಕೊಂಡು ಮಲಗುತ್ತಿದ್ದೇನೆ.

ಜನವರಿ ೧೯, ಭಾನುವಾರ. ಹೊನ್ನಾಳಿ

ಅಂಥ ಒಬ್ಬ ಯಾವ ಶತ್ರುವಿಗೂ ಸಿಗುವುದು ಬೇಡ.

ಬೀರಲಿಂಗಪ್ಪ ಬಂದ. ಒಬ್ಬನೇ ಅಲ್ಲ, ಆಪೆ ಗಾಡಿ ಮಾಡಿಕೊಂಡು ನೆಂಟರನ್ನೂ ಕರೆತಂದಿದ್ದ. ಸಂತೆಮಾಳದ ಶೆಡ್ಡಿನಲ್ಲಿ ಮೊದಲ ಸಾಲಿನಲ್ಲೇ ಕೂತರು. ನಾನು ಮೂರ್ಖ, ಅವರಿಗೆ ಟೀ ತರಿಸಿಕೊಟ್ಟೆ. ಟಗರು ಕತ್ತು ತಿರುಗಿಸಿದ್ದೇ ತಡ, ಅವನು ಎದ್ದು ನಿಂತು ಕೂಗಿದ.

"ನಿಲ್ಸ್ರೀ! ಅಲ್ಲೇ ನಿಲ್ಸ್ರೀ! ಆ ಟಗರು ನಂದು!"

ಹಾಲಸ್ವಾಮಿ ನಿಲ್ಲಿಸಿಯೇಬಿಟ್ಟರು. ಬೀರಲಿಂಗಪ್ಪ ತೆರೆಯ ಹತ್ತಿರ ಹೋಗಿ ಟಗರಿನ ಕಿವಿಯ ಮೇಲೆ ಬೆರಳಿಟ್ಟ. ತುದಿಯಲ್ಲಿ ಒಂದು ಕಚ್ಚು, ಕತ್ತರಿಯಿಂದ ಚೂರು ತೆಗೆದ ಹಾಗೆ. ಮರಿಯಾಗಿರುವಾಗಲೇ ಹೀಗೆ ಕಿವಿಯಲ್ಲಿ ಗುರುತು ಹಾಕುತ್ತಾರೆ. ಯಾವ ಕಿವಿ, ತುದಿಯೋ ಅಂಚೋ, ಒಂದೋ ಎರಡೋ, ಒಂದೊಂದು ಮನೆಗೆ ಒಂದೊಂದು ಕ್ರಮ. ಹಿಂಡುಗಳು ಬೆರೆತರೆ ಇದನ್ನು ನೋಡಿಯೇ ಬೇರೆ ಮಾಡುವುದು.

"ಬಲಗಿವಿ ತುದೀಗೆ ಒಂದು ಕಚ್ಚು. ನಮ್ಮಪ್ಪನ ಕಾಲದಿಂದ ನಮ್ದು ಇದೇ ಗುರುತು. ಈ ಗಾದ್ರಪ್ಪನ ಬಾಕಿ ಕುರಿ ನೋಡ್ರಿ, ಎಲ್ಲಾವ್ಕೂ ಎಡಗಿವೀಗೆ ಐತೆ. ಇದೊಂದಕ್ಕೆ ಬಲಗಿವೀಗೆ ಹೆಂಗ್ ಬಂತು? ಹೋದ ವರ್ಷದ ಹಿಂದಿನ ದೀಪಾವಳೀಲಿ ನನ್ನ ಕರಿಮುಖದ ಟಗರು ಕಳೀತು. ಹಣೆ ಮ್ಯಾಲೆ ಇದೇ ಬಿಳೀ ಬೊಟ್ಟು."

ಸಿನಿಮಾ ಹಿಂದಕ್ಕೆ ಓಡಿಸಿದರು, ಮುಂದಕ್ಕೆ ಓಡಿಸಿದರು. ಹೌದು, ಉಳಿದವಕ್ಕೆಲ್ಲ ಎಡಗಿವಿಯಲ್ಲಿ. ಶೆಡ್ಡಿನಲ್ಲಿ ಗದ್ದಲವೋ ಗದ್ದಲ. ನಾನು ಮೈಕು ಹಿಡಿದು, ದಯವಿಟ್ಟು ಸಿನಿಮಾ ಮುಗಿಯಲಿ, ಕೊನೆಯ ದೃಶ್ಯ ಬಹಳ ಮುಖ್ಯ ಎಂದು ಬೇಡಿಕೊಂಡೆ. ಯಾರ ಕಿವಿಗೂ ಬೀಳಲಿಲ್ಲ. ಶುರುವಾಗಿ ಎರಡು ಊರು ಆಯಿತು, ಒಬ್ಬನೇ ಒಬ್ಬ ಪ್ರಾಣಿ ನನ್ನ ಕೊನೆಯ ಶಾಟ್ ನೋಡಿಲ್ಲ! ಆ ಸೂರ್ಯಾಸ್ತಕ್ಕೆ ನಾನು ಎಷ್ಟು ಸಂಜೆ ಕಾದಿದ್ದೇನೆ ಇವರಿಗೇನು ಗೊತ್ತು.

ಗಾದ್ರಪ್ಪ ಕದ್ದಿರಬಹುದೇ? ಇದ್ದರೂ ಇರಬಹುದು. ನಾನು ಅವನ ಜೊತೆ ಇದ್ದದ್ದು ಭಾನುವಾರಗಳಲ್ಲಿ ಮಾತ್ರ. ಏನೇ ಇರಲಿ, ಅದು ಅವನ ಪಾಡು. ನನ್ನ ಸಿನಿಮಾವನ್ನು ಯಾಕೆ ಬೀದಿಗೆಳೆಯಬೇಕು?

ಜನವರಿ ೨೧, ಮಂಗಳವಾರ. ದಾವಣಗೆರೆ

ಆ ನಿಲ್ಲಿಸಿದ ಚಿತ್ರವನ್ನು ಯಾರೋ ಮೊಬೈಲಿನಲ್ಲಿ ತೆಗೆದು 'ಸಿನಿಮಾದಲ್ಲಿ ಸಿಕ್ಕಿಬಿದ್ದ ಕುರಿಕಳ್ಳ' ಎಂದು ವಾಟ್ಸ್ಆ್ಯಪಿಗೆ ಹಾಕಿದ್ದಾರೆ. ಕುರಿಯವರ ಗುಂಪುಗಳಲ್ಲೆಲ್ಲ ಓಡಾಡುತ್ತಿದೆ. ಹಾಲಸ್ವಾಮಿ ಫೋನ್ ಮಾಡಿ, "ಸರ್, ನ್ಯಾಮತೀಲಿ ಜನ ಹಿಡಿಸಲ್ಲ ನೋಡ್ರಿ" ಎಂದು ಖುಷಿಪಟ್ಟರು. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ.

ಜನವರಿ ೨೫, ಶನಿವಾರ. ನ್ಯಾಮತಿ

ಕಲ್ಯಾಣ ಮಂಟಪದ ಊಟದ ಹಾಲ್. ಕಾಲಿಡಲು ಜಾಗವಿಲ್ಲ. ಎಲ್ಲರೂ ಬಂದದ್ದು ಕಳ್ಳನನ್ನು ನೋಡಲು.

ಗಾದ್ರಪ್ಪ ಬಂದ, ಜೊತೆಗೆ ಹೆಂಡತಿ ಚೌಡಕ್ಕ. ಪ್ರತಿ ವರ್ಷದಂತೆ ಭತ್ತದ ಕೊಯ್ಲು ಮುಗಿದ ಮೇಲೆ ಅವರ ಮಂದೆ ಇಲ್ಲೇ ಹತ್ತಿರದ ಗೋವಿನಕೋವಿಯ ಗದ್ದೆಗಳಲ್ಲಿ ನಿಂತಿದೆ. ಕುರಿ ನಿಂತರೆ ಗದ್ದೆಗೆ ಗೊಬ್ಬರ, ಇವರಿಗೆ ಅದರ ಕೂಲಿ ಮತ್ತು ಮೇವು. ಹೆಸರು ಕೆಟ್ಟರೆ ಯಾರೂ ಗದ್ದೆಗೆ ಬಿಟ್ಟುಕೊಳ್ಳುವುದಿಲ್ಲ. ಇದುವರೆಗೂ ಅವನು ಸಿನಿಮಾ ನೋಡಿರಲಿಲ್ಲ. ಮಂದೆ ಹಿಂದೆ ತಿರುಗುವವನಿಗೆ ಎಲ್ಲಿ ತೋರಿಸುವುದು ಎಂದು ನಾನೂ ಬಿಟ್ಟಿದ್ದೆ.

ಇವತ್ತು ಮೊದಲಿನಿಂದ ಹಾಕುವ ಶಾಸ್ತ್ರವೂ ಇರಲಿಲ್ಲ. ನೇರ ಟಗರಿನ ಮುಖಕ್ಕೇ ಹೋಗಿ ನಿಲ್ಲಿಸಿದರು. ಗಾದ್ರಪ್ಪ ಬಹಳ ಹೊತ್ತು ನೋಡಿದ. ನೋಡುತ್ತಾ ನೋಡುತ್ತಾ ತನ್ನ ಕೈಯಿಂದಲೇ ತನ್ನ ಕಿವಿ ಮುಟ್ಟಿಕೊಂಡ, ಮೊದಲು ಒಂದು, ಆಮೇಲೆ ಇನ್ನೊಂದು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ್ನಂತೆ" ಎಂದು ಹಿಂದಿನಿಂದ ಯಾರೋ ಅಂದರು. ಮಂಟಪವೆಲ್ಲ ನಕ್ಕಿತು.

"ಟಗರು ನಂದೇ" ಎಂದ ಗಾದ್ರಪ್ಪ. "ನಮ್ಮ ಹಟ್ಟೀಲೇ ಹುಟ್ಟಿದ್ದು. ಬಕ್ರೀದಿಗೆ ಮಾರಿದ್ವಿ. ಆದ್ರೆ ಆ ಕಚ್ಚು... ಅದು ಆ ಕಿವೀಗೆ ಹೆಂಗ್ ಹೋತು ಅಂತ ನಂಗೊತ್ತಿಲ್ಲ."

"ಮಾರಿದ್ನಂತೆ! ಸಾಕ್ಷಿ ಹೊಟ್ಟೆ ಸೇರ್ತು ಅನ್ರಿ" ಎಂದ ಬೀರಲಿಂಗಪ್ಪ.

ಚೌಡಕ್ಕ ಎಲ್ಲರನ್ನೂ ಸರಿಸಿಕೊಂಡು ನನ್ನ ಹತ್ತಿರ ಬಂದರು. "ನೀವು ಅಲ್ಲೇ ಇದ್ರಲ್ಲಣ್ಣಾ, ಮಿಷನ್ ಹಿಡ್ಕಂಡು. ನಿಮ್ ಕಣ್ಣಾಗೆ ನೋಡೀರಿ. ನೀವಾದ್ರೂ ಹೇಳ್ರಿ."

"ನಾನು ಕಿವಿ ನೋಡಿಲ್ಲಕ್ಕಾ" ಎಂದೆ. ಸುಳ್ಳೇನಲ್ಲ. ನಾನು ನೋಡಿದ್ದು ಬೆಳಕು.

ಜಗಳೂರಿನಲ್ಲಿ ಅವನ ಕಡೆಯ ಹಿರಿಯರ ಮುಂದೆಯೇ ತೀರ್ಮಾನವಾಗಲಿ, ಆತ ಟಗರು ಕಟ್ಟಿಕೊಡಬೇಕು, ದಂಡವನ್ನೂ ತೆರಬೇಕು ಎಂದು ಮಾತಾಯಿತು. ಗೋವಿನಕೋವಿಯ ಗದ್ದೆಯವರು ಅಲ್ಲೇ ಎದ್ದು, "ಅಲ್ಲೀತನಕ ನಮ್ ಗದ್ದೆಯಿಂದ ಮಂದೆ ಎಬ್ಬಿಸಪ್ಪ" ಎಂದುಬಿಟ್ಟರು. ಗಾದ್ರಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ. ನನಗೆ ತಲೆ ಚಿಟ್ಟು ಹಿಡಿದಿದೆ. ಶೈಲಾ ಮೇಡಂ ಒಬ್ಬರೇ ಸಮಾಧಾನ ಹೇಳಿದರು. ಅಂಕಗಳು ಹಾಗೇ ಇವೆಯಂತೆ, ಈಗಿನ ಲೆಕ್ಕದಲ್ಲಿ ನನ್ನದೇ ಮುಂದಿದೆಯಂತೆ.

ಜನವರಿ ೨೬, ಭಾನುವಾರ. ದಾವಣಗೆರೆ

ಆ ಮಾತಿನಿಂದ ಖುಷಿಯಾಗಬೇಕಿತ್ತು, ಆಗಲಿಲ್ಲ. ಅವನು ಎರಡೂ ಕಿವಿ ಮುಟ್ಟಿ ನೋಡಿಕೊಂಡದ್ದೇ ಕಣ್ಣ ಮುಂದೆ ಬರುತ್ತಿತ್ತು. ಬೆಳಗ್ಗೆ ಎಡಿಟಿಂಗ್ ಫೈಲು ತೆರೆದೆ.

ನಾನೇ ತಿರುಗಿಸಿದ್ದೇನೆ.

ಗಾದ್ರಪ್ಪ ತೆರೆಯ ಬಲಕ್ಕೆ ನೋಡುತ್ತಿದ್ದ. ಟಗರೂ ಬಲಕ್ಕೇ ತಿರುಗಿತ್ತು. ಎರಡನ್ನೂ ಜೋಡಿಸಿದರೆ ಇಬ್ಬರೂ ಬೇರೆ ಯಾರನ್ನೋ ನೋಡುತ್ತಿರುವಂತೆ ಕಾಣುತ್ತಿತ್ತು. ಅದಕ್ಕೆ ಟಗರಿನ ಶಾಟನ್ನು ಕನ್ನಡಿಯಲ್ಲಿ ಕಂಡಂತೆ ಎಡ ಬಲ ಅದಲು ಬದಲು ಮಾಡಿ ಕೂರಿಸಿದ್ದೆ. ಒಂದು ಗುಂಡಿ ಒತ್ತಿದರೆ ಆಗುವ ಕೆಲಸ, ಮದುವೆ ವಿಡಿಯೋದಲ್ಲೂ ಎಷ್ಟೋ ಸಲ ಮಾಡಿದ್ದೇನೆ. ಮಾಡಿದ್ದು ಮರೆತೂ ಹೋಗಿತ್ತು. ಎಡಗಿವಿಯ ಕಚ್ಚು ಬಲಗಿವಿಗೆ ಬಂದದ್ದು ಹೀಗೆ. ಆ ಟಗರು ಅವನ ಕಡೆ ನೋಡಿಯೇ ಇಲ್ಲ. ಎರಡು ಶಾಟು ಬೇರೆ ಬೇರೆ ದಿನದವು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಗಾದೆ ಹೇಳುತ್ತೇವೆ. ಬರೆ ಹಾಕಿದವನು ನಾನು, ಹಾಕಿಸಿಕೊಂಡವರು ಗಾದ್ರಪ್ಪ. ನಾಚಿಕೆಯಾಗುತ್ತಿದೆ.

ಜನವರಿ ೨೮, ಮಂಗಳವಾರ

ಹಾಲಸ್ವಾಮಿಗೆ ಫೋನ್ ಮಾಡಿ, ಒಂದು ಶಾಟ್ ಸರಿಮಾಡಿ ಕಳಿಸುತ್ತೇನೆ ಎಂದೆ. ಕರೆಂಟ್ ಇಲ್ಲ, ಪರದೆ ಇಲ್ಲ, ಹೇಳಿದ ಹೊತ್ತಿಗೆ ಒಂದೂ ಶುರುವಾಗುವುದಿಲ್ಲ, ಆದರೆ ಈ ಮನುಷ್ಯನಿಗೆ ನಿಯಮ ಮಾತ್ರ ಕಲ್ಲಿನಲ್ಲಿ ಕೊರೆದದ್ದು. "ಕಳಿಸಿದ ಮ್ಯಾಲೆ ಬದ್ಲಾಯ್ಸೋ ಹಂಗಿಲ್ಲ ಸರ್. ಬದ್ಲಾಯ್ಸಿದ್ರೆ ಸ್ಪರ್ಧೆಯಿಂದ ಹೊರಗೆ. ರೂಲ್ಸ್ ಅಂದ್ರೆ ರೂಲ್ಸು." ಶೈಲಾ ಮೇಡಂಗೂ ಫೋನ್ ಮಾಡಿ ನಿಜ ಹೇಳಿದೆ. "ನಾನು ಅಂಕ ಕೊಟ್ಟಿದ್ದೇ ಆ ನೋಟಕ್ಕೆ ರಘುನಾಥ್" ಎಂದರು. ಆ ನೋಟವೇ ಇರಲಿಲ್ಲ ಎಂದ ಮೇಲೆ ಅವರು ಇನ್ನೇನು ಹೇಳಿಯಾರು.

ಬುದ್ಧಿವಂತಿಕೆ ಮಾಡಲು ಹೋದೆ. ಬೀರಲಿಂಗಪ್ಪನಿಗೆ ಮಾತ್ರ ಗುಟ್ಟಾಗಿ ಹೇಳಿದರೆ ಆತ ದೂರು ಬಿಡುತ್ತಾನೆ, ಗಾದ್ರಪ್ಪಣ್ಣನೂ ಉಳಿದ, ಇಟಲಿಯೂ ಉಳಿಯಿತು ಎಂದು ಲೆಕ್ಕ ಹಾಕಿ ಫೋನಿನಲ್ಲಿ ವಿವರಿಸಿದೆ. ಅವನಿಗೆ ಒಂದಿಷ್ಟೂ ನಂಬಿಕೆ ಬರಲಿಲ್ಲ.

"ನೀವು ಹೇಳಾದು ಖರೇ ಇದ್ರೂ, ಫೋನ್ನಾಗೆ ಹೇಳಿದ್ರೆ ಊರಿಗೆ ಕೇಳ್ತದೇನ್ರೀ? ನಾನು ಕಳ್ಳ ಅಂದಿದ್ದು ಜನದ ಮುಂದೆ. ಅಲ್ಲ ಅನ್ನಾದೂ ಜನದ ಮುಂದೇನೇ ಆಗ್ಬೇಕು. ಜಗಳೂರಾಗೆ ತೋರಿಸ್ರಿ, ನೋಡಾನ."

ಫೋನಿಟ್ಟ. ಸಿಟ್ಟು ಬಂತು. ಅವನ ಮೇಲೆ ಎಂದು ಬರೆಯಲು ಹೊರಟೆ, ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣುತ್ತಿಲ್ಲ.

ಜನವರಿ ೩೦, ಗುರುವಾರ

ಗೋವಿನಕೋವಿಗೆ ಹೋಗಿ ಬಂದೆ. ಮಂದೆ ಗದ್ದೆಯಲ್ಲಿಲ್ಲ, ನೀರಿನ ಚಾನಲ್ ಏರಿಯ ಮೇಲಿದೆ. ಅಲ್ಲಿ ಮೇಯಲು ಏನೂ ಇಲ್ಲ, ಬರೀ ಒಣ ಪಾರ್ಥೇನಿಯಂ. ಐದೇ ದಿನದಲ್ಲಿ ಮಂದೆ ಸೊರಗಿದೆ, ನನ್ನಂಥವನಿಗೂ ಕಾಣುವಷ್ಟು. ಚೌಡಕ್ಕ ನನ್ನ ನೋಡಿ ಮುಖ ತಿರುಗಿಸಿದರು, ಆದರೂ ಟೀ ಕಾಸಿಕೊಟ್ಟರು.

ನಡೆದದ್ದನ್ನು ಹೇಳಿದೆ. ಗಾದ್ರಪ್ಪಣ್ಣನಿಗೆ ಅರ್ಥವಾಗಲಿಲ್ಲ. ಫೋಟೋವನ್ನು ತಿರುಗಿಸುವುದು ಎಂದರೆ ಮಗುಚಿ ಹಾಕುವುದು ಎಂದುಕೊಂಡರು. ಲ್ಯಾಪ್‌ಟಾಪ್ ತಂದಿರಲಿಲ್ಲ, ಎಂಥ ದಡ್ಡ ನಾನು. "ಜಗಳೂರಾಗೆ ಎಲ್ಲರಿಗೂ ಗೊತ್ತಾಗೋ ಹಂಗೆ ಹೇಳ್ತೀರಾ ಸರ್?" ಎಂದಷ್ಟೇ ಕೇಳಿದರು. ಹೇಳುತ್ತೇನೆ ಎಂದೆ. ಬಾಯಿಂದ ಬಂದುಬಿಟ್ಟಿತು.

ಫೆಬ್ರುವರಿ ೧, ಶನಿವಾರ

ಹಾರ್ಡ್ ಡಿಸ್ಕ್ ಎಲ್ಲ ಕೆದಕಿ ಮೂಲ ಶಾಟ್ ಹುಡುಕಿದೆ. ಸಿನಿಮಾದಲ್ಲಿ ನಾನು ಟಗರು ಕತ್ತು ತಿರುಗಿಸಿದಲ್ಲಿಗೆ ಕತ್ತರಿಸಿದ್ದೆ. ಮೂಲದಲ್ಲಿ ಅದರ ಹಿಂದೆಯೇ ರಸ್ತೆಯಲ್ಲಿ ಒಂದು ಹಾಲಿನ ವ್ಯಾನ್ ಹೋಗುತ್ತದೆ. ಆಗ ಅದನ್ನು ಶಪಿಸಿದ್ದು ನೆನಪಿದೆ, ಶಾಟ್ ಹಾಳುಮಾಡಿತು ಎಂದು. ವ್ಯಾನಿನ ಮೇಲೆ 'ತಾಜಾ ಹಾಲು' ಎಂದು ದಪ್ಪಗೆ ಬರೆದಿದೆ.

ಫೆಬ್ರುವರಿ ೨, ಭಾನುವಾರ. ಜಗಳೂರು

ಶಾಲೆಯ ಬಯಲು. ಬಿಸಿಲು ಇಳಿಯುವುದನ್ನೇ ಕಾದು ಶುರುಮಾಡಿದರು. ಗಾದ್ರಪ್ಪಣ್ಣನ ಕಡೆಯ ಹಿರಿಯರು ಮುಂದೆ ಕೂತಿದ್ದರು, ಒಂದು ಬದಿಗೆ ಬೀರಲಿಂಗಪ್ಪ ಮತ್ತು ನೆಂಟರು. ಗೋವಿನಕೋವಿಯಿಂದಲೂ ನಾಲ್ಕು ಜನ ಬಂದಿದ್ದರು.

ಹಾಲಸ್ವಾಮಿ ನನ್ನ ಕಿವಿಯಲ್ಲಿ, "ಯೋಚ್ನೆ ಮಾಡ್ರಿ ಸರ್, ಈಗ್ಲೂ ಅಂಕದಲ್ಲಿ ನಿಮ್ಮದೇ ಮೊದಲ್ನೇದು" ಎಂದರು. ಯೋಚನೆ ಮಾಡಲು ಕೂತರೆ ಮಾಡಲಾರೆ ಎಂದು ಗೊತ್ತಿತ್ತು. ಮೈಕು ಹಿಡಿದೆ. ತಯಾರು ಮಾಡಿಕೊಂಡದ್ದೆಲ್ಲ ಮರೆತು, "ಗಾದ್ರಪ್ಪಣ್ಣ ಕದ್ದಿಲ್ಲ. ಕಿವಿ ಅದಲು ಬದಲು ಮಾಡಿದವನು ನಾನು" ಎಂದುಬಿಟ್ಟೆ.

ಮೂಲ ಶಾಟ್ ಹಾಕಿದೆ. ಟಗರು ತಿರುಗಿತು, ಎಡಗಿವಿಯಲ್ಲಿ ಕಚ್ಚು, ಹಿಂದೆ ವ್ಯಾನ್ ಬಂತು. ಅಲ್ಲಿ ನಿಲ್ಲಿಸಿದೆ. ಮಕ್ಕಳೆಲ್ಲ ಒಟ್ಟಿಗೆ 'ತಾಜಾ ಹಾಲು' ಎಂದು ಓದಿದರು. ಆಮೇಲೆ ಎಲ್ಲರ ಎದುರಿಗೇ ಗುಂಡಿ ಒತ್ತಿದೆ. ಅಕ್ಷರ ಉಲ್ಟಾ ಆಯಿತು, ಕಚ್ಚು ಬಲಗಿವಿಗೆ ಹೋಯಿತು. ಬಯಲೆಲ್ಲ ಹೋ ಎಂದಿತು. ಬೀರಲಿಂಗಪ್ಪ ಎದ್ದು ಬಂದು ನನ್ನ ಪಕ್ಕವೇ ನಿಂತ.

"ಇನ್ನೊಂದ್ ಸಲ ಒತ್ರಿ."

ಒತ್ತಿದೆ.

"ಇನ್ನೊಂದ್ ಸಲ."

ಕಚ್ಚು ಅತ್ತ ಹೋಯಿತು, ಇತ್ತ ಬಂತು. ಅವನು ನನ್ನ ಮುಖ ನೋಡಿ, "ಸಿನಿಮಾದೋರು ಹಿಂಗೂ ಮಾಡ್ತೀರೇನ್ರೀ?" ಎಂದ. ಹೌದು ಎಂದೆ. "ಕೇಳೋರು ಯಾರೂ ಇಲ್ಲೇನು?" ಎಂದ. ಅವನು ಸೀದಾ ಗಾದ್ರಪ್ಪಣ್ಣನ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಸಂಚಿ ಬಿಚ್ಚಿ ಎಲೆ ಅಡಿಕೆ ಚಾಚಿದ. "ಬಾಯಿಗ್ ಬಂದಂಗೆ ಅಂದ್ಬಿಟ್ಟೆ, ಮನಸಿಗೆ ಹಚ್ಕಬ್ಯಾಡಪ್ಪ." ಗಾದ್ರಪ್ಪಣ್ಣ ಕೂಡಲೇ ತೆಗೆದುಕೊಳ್ಳಲಿಲ್ಲ. ಚೌಡಕ್ಕ ಮೊಣಕೈಯಿಂದ ತಿವಿದ ಮೇಲೆ ತೆಗೆದುಕೊಂಡರು. ಗೋವಿನಕೋವಿಯವರು ನಾಳೆಯೇ ಮಂದೆ ಗದ್ದೆಗೆ ಇಳಿಸಿ ಎಂದರು.

ಇಟಲಿಯ ಕಥೆ ಮುಗಿಯಿತು ಎಂದು ನಾನು ವೈರು ಸುತ್ತಿಕೊಂಡು ಬಸ್‌ಸ್ಟಾಂಡಿಗೆ ಬಂದೆ. ಹಿಂದೆಯೇ ಗಾದ್ರಪ್ಪಣ್ಣ ಮತ್ತು ಚೌಡಕ್ಕ ಬಂದರು, ಅವರ ಊರಿನ ಬಸ್ಸಿಗೆ. ನನ್ನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತರು. ಥ್ಯಾಂಕ್ಸ್ ಹೇಳುತ್ತಾರೇನೋ ಎಂದು ಒಳಗೊಳಗೇ ಕಾದಿದ್ದೆ, ಬರೆಯಲು ನಾಚಿಕೆಯಾಗುತ್ತದೆ.

"ಸರ್" ಎಂದರು. "ನನ್ನೂ ಎಲ್ಲಾದ್ರೂ ಹಿಂಗೆ ತಿರುಗಿಸೀರೇನು?"

ಇಲ್ಲ ಎನ್ನಲು ಬಾಯಿ ತೆರೆದೆ. ಬರಲಿಲ್ಲ. "ನೆನಪಿಲ್ಲಣ್ಣ. ನೋಡಬೇಕು" ಎಂದೆ.

"ನೋಡಾನ ಹಂಗಾರೆ."

ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಮೊದಲಿನಿಂದ ಹಾಕಿದೆ. ಮೊದಲ ಶಾಟಿಗೇ ಕೈ ಎತ್ತಿದರು. "ನಿಲ್ಸ್ರಿ." ನಿಲ್ಲಿಸಿದೆ. ಮುಖ ಹತ್ತಿರ ತಂದು ನೋಡಿದರು, ಹೆಂಡತಿಗೂ ತೋರಿಸಿದರು. "ಸರಿ ಐತೆ. ಮುಂದೆ." ಎರಡನೆಯದು. ಮೂರನೆಯದು. ಹೀಗೆ ಒಂದೊಂದನ್ನೂ ನಿಲ್ಲಿಸಿ, ಕೋಲು ಯಾವ ಕೈಯಲ್ಲಿದೆ, ಕಂಬಳಿ ಯಾವ ಹೆಗಲ ಮೇಲಿದೆ, ನೆರಳು ಯಾವ ಕಡೆ ಬಿದ್ದಿದೆ ಎಂದು ನೋಡುತ್ತಾ ಹೋದರು. ಒಂದು ಕಡೆ ಚೌಡಕ್ಕ, "ಇದೇನು, ನಾನು ಎಡಗೈಯಾಗೆ ಮುದ್ದೆ ಬಡಿಸ್ತಿದೀನಿ?" ಎಂದರು. ಹೌದು, ತಿರುಗಿಸಿದ್ದೆ. ಯಾಕೆ ಎಂದು ಈಗ ಯೋಚಿಸಿದರೂ ಹೊಳೆಯುವುದಿಲ್ಲ. ಅಲ್ಲೇ ಸರಿ ಮಾಡಿದೆ. ಚೌಡಕ್ಕ ಇನ್ನಷ್ಟು ಒತ್ತಿಕೊಂಡು ಕೂತರು.

ಹಾಲಸ್ವಾಮಿ ಸ್ಕೂಟರ್ ನಿಲ್ಲಿಸಿ ಗೆದ್ದವರ ಹೆಸರು ಹೇಳಿ ಹೋದರು. ಯಾರು ಎಂದರೋ, ನಾಳೆ ಕೇಳಬೇಕು.

ಅವರ ಊರಿನ ಬಸ್ಸು ಬಂತು. ಕಂಡಕ್ಟರ್ ಗುರುತು ಹಿಡಿದು, "ಬರ್ರಿ ಗಾದ್ರಪ್ಪಣ್ಣ, ಇದೇ ಕಡೇ ಬಸ್ಸು" ಎಂದು ಕೂಗಿದ. ಸಿನಿಮಾ ಇನ್ನೂ ಅರ್ಧವೂ ಆಗಿರಲಿಲ್ಲ. ಗಾದ್ರಪ್ಪಣ್ಣ ತಲೆ ಎತ್ತಲಿಲ್ಲ. ಬಸ್ಸು ಹೋಗಲಿ ಎಂದು ಕೈ ಬೀಸಿ, ನನಗೆ ಹೇಳಿದರು, "ಮುಂದೆ."